ಮಠಕ್ಕೆ ಕೊಟ್ಟ ಮಗ

ಹಿತ್ತಿಲ ಬಾಗಿಲ ಅಗುಳಿ ಕಿರ್ರೆಂದಿತು. ಅವ್ವನ ಹೆಣದ ಪಕ್ಕ ಕೂತಿದ್ದ ಭಾನು ತಲೆಯೆತ್ತಿದಳು. ಜಗಲಿಯಲ್ಲಿ ಭಜನೆಯವರು ತೂಕಡಿಸುತ್ತಿದ್ದರು. ಮುಂಬಾಗಿಲು ತೆರೆದೇ ಇರುವಾಗ, ಈ ಸರಿಹೊತ್ತಿನಲ್ಲಿ ಹಿಂದಿನಿಂದ ಬರುವವರು ಯಾರು?

ಅಣ್ಣ. ಶಾಸಕರ ಗರಿಗರಿ ಬಿಳಿ ಪಂಚೆ, ಬಿಳಿ ಅಂಗಿ. ತಲೆಗೆ ಕಿವಿ ಮುಚ್ಚುವಂತೆ ಸುತ್ತಿದ ಟವೆಲು. ಬರಿಗಾಲು. ಹಿಂದೆ ಗನ್‌ಮ್ಯಾನ್ ಇರಲಿಲ್ಲ, ಜೈಕಾರ ಹಾಕುವ ಹುಡುಗರೂ ಇರಲಿಲ್ಲ. ನಡುಮನೆಗೆ ಕಾಲಿಡುವಾಗ ಅವನ ಹಣೆ ಬಾಗಿಲ ಮೇಲಿನ ತೊಲೆಗೆ ಢಕ್ಕೆಂದು ಬಡಿಯಿತು.

"ಹುಟ್ಟಿದ ಮನೆ ಬಾಗ್ಲು ತಗ್ಗು ಅನ್ನೋದೂ ಮರ್ತೋಯ್ತಾ?" ಎಂದಳು ಭಾನು. "ಓಟ್ ಕೇಳಕ್ಕೆ ಮುಂಬಾಗ್ಲು, ಅವ್ವನ್ ನೋಡಕ್ಕೆ ಹಿಂಬಾಗ್ಲು. ಬಾ, ಕೂತ್ಕೊ."

ಅವನು ಟವೆಲನ್ನು ಹಣೆಯವರೆಗೆ ಎಳೆದುಕೊಂಡ. ಅವಳು ಮುಖ ತಿರುಗಿಸಿಕೊಂಡಳು. ಶಾಸಕನಾದ ಅಣ್ಣನನ್ನು ನೇರವಾಗಿ ನೋಡಿ ವರ್ಷಗಳೇ ಆಗಿದ್ದವು. ಇವತ್ತೂ ನೋಡುವ ಮನಸ್ಸಿರಲಿಲ್ಲ.

ಆ ಮನೆತನದ ಪದ್ಧತಿ ಊರಿಗೆಲ್ಲ ಗೊತ್ತು. ತಲೆಮಾರಿಗೊಬ್ಬ, ಮೊದಲು ಹುಟ್ಟಿದ ಗಂಡು, ಗುಂಡ್ಲುಪೇಟೆ ರಸ್ತೆಯ ಮಠಕ್ಕೆ. ಅವ್ವ ಸುಂದ್ರಮ್ಮನ ಹಿರಿಮಗ ಗುರುಮಲ್ಲಯ್ಯ ಮೀಸೆ ಮೂಡುವ ಮುಂಚೆಯೇ ಮನೆ ಬಿಟ್ಟು ಹೋದ. ಪಟ್ಟಕ್ಕೆ ಕೂತ ಮೇಲೆ ಎಲ್ಲರಿಗೂ ಅವನು 'ಬುದ್ಧಿಯೋರು'. ಪಟ್ಟಕ್ಕೆ ಕೂತವರಿಗೆ ತಾಯಿಯಿಲ್ಲ, ತಂದೆಯಿಲ್ಲ. ಸುಂದ್ರಮ್ಮ ಎಲ್ಲರ ಜೊತೆ ಸಾಲಿನಲ್ಲಿ ನಿಂತು, ಹೆತ್ತ ಮಗನ ಕಾಲಿಗೆ ಬಿದ್ದು, ಸೇವಕನ ಕೈಯಿಂದ ವಿಭೂತಿ ಪೊಟ್ಟಣ ಪಡೆದು ಬರುತ್ತಿದ್ದಳು. ತಾಯಿ ಸತ್ತರೂ ಆ ಮಗ ಹೆಣದ ಮುಖ ನೋಡುವಂತಿಲ್ಲ.

ಅದೇ ಹೆರಿಗೆಯಲ್ಲಿ ಅವನ ಬೆನ್ನಿಗೆ ಬಿದ್ದವನು ಶಿವಮಲ್ಲು. ಅವನ ಪಾಲಿಗೆ ಮನೆ ಬಂತು, ರಾಜಕೀಯ ಬಂತು. ಹಳ್ಳಿಗಳಲ್ಲಿ ಮುದುಕಿಯರು ಅವನನ್ನು ಕಂಡೊಡನೆ ಕಾಲಿಗೆ ಬೀಳುತ್ತಿದ್ದರು. ಕರಪತ್ರದಲ್ಲಿ ಸ್ವಾಮಿಗಳ ಫೋಟೋ ಹಾಕಿದ್ದಾನೆಂದು ಎದುರು ಪಕ್ಷದವರು ದೂರು ಕೊಟ್ಟಾಗ, ಅವನು ವೇದಿಕೆಯ ಮೇಲೆ ಬಿದ್ದು ಬಿದ್ದು ನಕ್ಕಿದ್ದ. "ಅದು ನಂದೇ ಫೋಟೋ ಕಣ್ರಲಾ! ಕಾವಿ ಶಾಲು ಹೊದ್ಕಂಡು ತೆಗುಸ್ಕಂಡಿದ್ದು!" ಆ ಸಲವೂ ಗೆದ್ದ.

ಅವ್ವ ಹಾಸಿಗೆ ಹಿಡಿದಾಗ ಭಾನು ಅವನಿಗೇ ಫೋನು ಮಾಡಿದ್ದಳು. "ಅವ್ವಂಗೆ ಒಂದೇ ಆಸೆ ಅಣ್ಣ. ಕೊನೆಗೆ ಬುದ್ಧಿಯೋರ ಕೈಯಿಂದ ಹಣೆಗೆ ವಿಭೂತಿ ಬೀಳ್ಬೇಕಂತೆ. ನೀನು ಹೇಳಿದ್ರೆ ಮಠದೋರು ಕೇಳ್ತಾರೆ."

"ಆಗದ ಮಾತ ಆಡ್ಬೇಡ ಕಣಮ್ಮಿ. ಅವ್ರ ಪಟ್ಟ ಓಯ್ತದೆ, ನನ್ನ ಸೀಟೂ ಓಯ್ತದೆ. ಬುಡು."

ಅವ್ವ ಬಾಗಿಲನ್ನೇ ನೋಡುತ್ತಾ ಹೋದಳು. ಈಗ, ಗೋಡೆಗೊರಗಿಸಿ ಕೂರಿಸಿದ ಅವ್ವನ ಮುಂದೆ ಅಣ್ಣ ಮಂಡಿಯೂರಿದ್ದ. ವಿಭೂತಿ ತೆಗೆದುಕೊಂಡ. ಕೈ ಗಾಳಿಯಲ್ಲೇ ನಿಂತಿತು. ಅಪ್ಪಣೆ ಕೇಳುವವನಂತೆ ಭಾನುವಿನತ್ತ ತಿರುಗಿದ.

"ಹಚ್ಚು. ಬರ್ಬೇಕಾದೋರಂತೂ ಬರ್ನಿಲ್ಲ."

ಅವನು ಮೂರು ಬೆರಳಲ್ಲಿ ಹಚ್ಚಿದ. ಹಚ್ಚಿದ ಕೈಯನ್ನು ಬಹಳ ಹೊತ್ತು ಹಣೆಯಿಂದ ತೆಗೆಯಲಿಲ್ಲ. ಆಮೇಲೆ ಅವ್ವನ ಮಡಿಲಿಗೆ ತಲೆಯಿಟ್ಟು, ಸದ್ದಿಲ್ಲದೆ ಅತ್ತ.

ಬೆಳಿಗ್ಗೆ ಮಣ್ಣಿಗೆ ಊರೇ ಸೇರಿತ್ತು. ಅಣ್ಣ ಟವೆಲು ಬಿಚ್ಚಲಿಲ್ಲ, ಬಾಯಿ ಬಿಡಲಿಲ್ಲ. ಅತ್ತಿಗೆ ಕುಮಾರಿ ಹತ್ತಿರ ಬಂದವರನ್ನೆಲ್ಲ ತಡೆಯುತ್ತಿದ್ದಳು. "ಗಂಟ್ಲು ಕಟ್ಕಂಡದೆ, ಮಾತಾಡುಸ್ಬೇಡಿ." ಆದರೆ ಅವನು ಎಡವಿದಾಗ ಅವಳು ಕೈ ಹಿಡಿಯಲಿಲ್ಲ. ಮಾರು ದೂರ ಸರಿದು ನಿಂತಳು. ಇವರ ಸಂಸಾರವೂ ಹೀಗೇನಾ ಅಂದುಕೊಂಡಳು ಭಾನು.

"ಎಲೆಕ್ಷನ್ ಹತ್ರ ಬಂತಲ್ಲಪ್ಪ, ಕಣ್ಣೀರ್ಗೂ ಸೀಜನ್ನು" ಎಂದ ಪಕ್ಕದ ಮನೆಯ ಚಿಕ್ಕಮಲ್ಲಪ್ಪ. "ಮೈಕ್ ಕಂಡ್ರೆ ಬುಡ್ದೋನು, ಇವತ್ತು ತುಟೀನೇ ಪಿಟ್ ಅನ್ನಕಿಲ್ಲ!"

ಗುಣಿ ಮುಚ್ಚಿ ಜನ ಹೊರಟರೂ ಅಣ್ಣ ಮಣ್ಣಿನ ಮುಂದೆ ಕೂತೇ ಇದ್ದ. ಭಾನುವಿಗೆ ತಡೆಯಲಾಗಲಿಲ್ಲ.

"ಸಾಕು ಏಳಣ್ಣ. ಫೋಟೋದೋರು ಹೋದ್ರು."

ಅವನು ತಲೆ ತಗ್ಗಿಸಿದಂತೆಯೇ ಅವಳಿಗೆ ಕೈಮುಗಿದ. ಅದು ಅವಳ ಹೊಟ್ಟೆಯನ್ನು ಇನ್ನಷ್ಟು ಉರಿಸಿತು. ಇವನನ್ನು ಕೇಳಿಯಾಯಿತು. ಇನ್ನೊಬ್ಬನನ್ನೂ ಕೇಳಿಯೇ ಬಿಡುವುದು. ರಸ್ತೆಗೆ ಬಂದು ಗುಂಡ್ಲುಪೇಟೆ ಕಡೆಯ ಬಸ್ಸು ಹತ್ತಿದಳು.

ಮಠದ ಬಾಗಿಲಲ್ಲಿ ಮುದಿ ಸೇವಕ ಮಹದೇವಯ್ಯ ಅಡ್ಡ ನಿಂತ. "ಬುದ್ಧಿಯೋರು ನೆನ್ನೆಯಿಂದ ಮೌನದಲ್ಲವ್ರೆ ಕಣವ್ವ. ಯಾರ್ಗೂ ದರುಶನ ಇಲ್ಲ."

"ನಂಗೆ ದರ್ಶನ ಬೇಡ." ಅವನನ್ನು ಸರಿಸಿ, ಪೂಜೆಯ ಕೋಣೆಯ ಪರದೆ ಎತ್ತಿ ಒಳಗೆ ಹೋದಳು.

ಕಾವಿ ಬಟ್ಟೆ ತಲೆಯ ಮೇಲಿಂದ ಹೊದ್ದು, ಗೋಡೆಗೆ ಮುಖ ಮಾಡಿ ಕೂತಿದ್ದರು.

"ಊರಿಗೆಲ್ಲ ಅಪ್ಪ ನೀವು" ಎಂದಳು. "ಒಂದು ಗಳಿಗೆ ಅವ್ವಂಗೆ ಮಗ ಆಗ್ಬೋದಿತ್ತಲ್ಲ ಬುದ್ಧಿ? ಕೊನೆ ಉಸ್ರು ಎಳೆಯೋವರ್ಗೂ ಬಾಗ್ಲು ನೋಡ್ತಿದ್ಲು. ಪಟ್ಟ ದೊಡ್ದಾಯ್ತಾ?"

ಕಾವಿಯ ಹೆಗಲು ಅದುರಿತು. ಅವರು ಮೆಲ್ಲಗೆ ತಿರುಗಿ, ಕೈಸನ್ನೆಯಿಂದ ಹತ್ತಿರ ಕರೆದು, ಅವಳ ಕಿವಿಯಲ್ಲಿ ಒಂದು ಮಾತು ಕೇಳಿದರು.

ಭಾನು ಗೋಡೆ ಹಿಡಿದುಕೊಂಡಳು. ಹೌದೆಂದು ತಲೆಯಾಡಿಸಿದಳು, ಮತ್ತೆ ಮತ್ತೆ ಆಡಿಸಿದಳು.

ಹೊರಗೆ ಮಹದೇವಯ್ಯನ ಮುಖ ಬಿಳಿಚಿತ್ತು. "ಬುದ್ಧಿಯೋರು... ಏನಂದ್ರವ್ವ?"

"ಮೌನ ಅಲ್ವಾ? ಏನಂತಾರೆ!"

ಬಸ್ಸಿಗೆ ಕಾಯುತ್ತಾ ಅವಳು ಗಟ್ಟಿ ಮಾಡಿಕೊಂಡಳು. ಗಂಡನಿಗೂ ಹೇಳುವುದಿಲ್ಲ. ಅತ್ತಿಗೆಗೂ, ತನಗೆ ತಿಳಿಯಿತೆಂದು ತೋರಿಸಿಕೊಳ್ಳುವುದಿಲ್ಲ. ಚಿಕ್ಕಮಲ್ಲಪ್ಪ ಊರ ತುಂಬ ಏನು ಆಡಿಕೊಂಡರೂ ಎದುರಾಡುವುದಿಲ್ಲ.

ಕಾವಿ ಹೊದ್ದು ಕೂತಿದ್ದ ಶಿವಮಲ್ಲು ಕೇಳಿದ್ದು ಇಷ್ಟೇ: "ಬುದ್ಧಿಯೋರು ಅವ್ವನ ಮೊಕವ ಕಣ್ತುಂಬ ನೋಡುದ್ರಾ ಕಣಮ್ಮಿ?"