ಗೋಡೆಯ ಮೇಲಿನ ಮುದುಕಿ

"ಚಿತ್ರ ಬರದಾಕಿ ಇತ್ಲಾಗ ಓಡ್ಯಾಳ, ಹಿಡೀರಲೇ!"

ಸೋನಾಲಿ ಹಿಂತಿರುಗಿ ನೋಡಲಿಲ್ಲ. ಓಣಿ ತಿರುಗಿದವಳೇ ಆ ಊರಿನಲ್ಲಿ ತಾನು ಬಲ್ಲ ಒಂದೇ ಬಾಗಿಲನ್ನು ಬಡಿದಳು. ಮಲಕವ್ವಜ್ಜಿ ಅವಳ ರಟ್ಟೆ ಹಿಡಿದು ಒಳಗೆಳೆದುಕೊಂಡು ಅಗಳಿ ಹಾಕಿದಳು.

ಅಕ್ಕೋಳದಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುವವಳಿಗೆ ಈ ಹೊಳೆದಂಡೆಯ ಊರಿನಲ್ಲಿ ಇನ್ನಾರು ಗೊತ್ತು? ಹೊಳೆ ಉಕ್ಕಿ ಬಂದ ನೆರೆಯ ನೆನಪಿಗಾಗಿ ಪಂಚಾಯತಿ ಗೋಡೆಗೆ ಚಿತ್ರ ಬರೆಯುವ ಕೆಲಸ. ದಿನಾ ಮಧ್ಯಾಹ್ನ ಮಜ್ಜಿಗೆ ತರುತ್ತಿದ್ದ ಅಜ್ಜಿಯೇ ತನ್ನ ಕಥೆ ಹೇಳಿದ್ದಳು.

"ಹೊಳಿ ಬಂದಾಗ ನನ್ನ ಮಗ ಕುರಿ ಹೊಡಕೊಂಡ ಗುಡ್ಡ ಹತ್ತಿದ್ದ. ನಾ ಸಾಲ್ಯಾಗ ಹಸಿ ಮೈಲೆ ನಡುಗಾಕತ್ತಿದ್ನೆವ್ವಾ. ಬಾಜೂಕ ಕುಂತಿದ್ದ ದಿಲಶಾದಬಿ ನನ್ನ ಹೆಸರ ಸೈತ ಕೇಳಲಿಲ್ಲ. ತನ್ನ ಬುರ್ಖಾ ತಗದು ನನಗ ಹೊಚ್ಚಿದಳು."

ಸೋನಾಲಿ ಅದನ್ನೇ ಬರೆದಳು. ಕರಿ ಬುರ್ಖಾ ಹೊದ್ದ ಮಲಕವ್ವ, ತೊಡೆಯ ಮೇಲೆ ತೊಯ್ದ ಗಂಟು. ಕೆಳಗೆ ಒಂದೇ ಮಾತು: ನಿರಾಶ್ರಿತೆ.

ಇಂದು ಜನ ಸೇರಿತು. ಮುಂದೆ ನಿಂತವನನ್ನು ಜನ ಬೀರದೇವ ಎಂದು ಕರೆಯುತ್ತಿದ್ದರು. ಕೊರಳಿಗೆ ಕೆಂಪು ಟವೆಲ್ಲು, ಒಡಕು ದನಿ.

"ಎಲ್ಲಿಂದರ ಓಡಿಬಂದ ಸಾಬರಾಕೀನ ನಮ್ಮ ಗ್ವಾಡಿ ಮ್ಯಾಲ ಕುಂಡ್ರಸ್ತಿ? ನಾಳೆ ನಮ್ಮ ಮನ್ಯಾಗ ಕುಂಡ್ರಸ್ತೀಯೇನ?"

"ಅಣ್ಣಾ, ಇದು ನಿಮ್ಮೂರಿನ..."

ಮಲಕವ್ವನ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಈ ಮಂದಿ ಪಾಪದ ಮುದುಕಿಯ ಮನೆಗೇ ನುಗ್ಗಿಯಾರು ಎಂದು ನುಂಗಿಕೊಂಡಳು. ಅಷ್ಟರಲ್ಲಿ ಡಾಂಬರಿನ ಡಬ್ಬಿ ಬಂತು, ಚಿತ್ರದ ಮುಖ ಕಪ್ಪಾಯಿತು. ಯಾರೋ ಅವಳ ಜಡೆಗೆ ಕೈ ಹಾಕಿದರು. ಕೊಸರಿಕೊಂಡು ಓಡಿದಳು.

ಈಗ ಜೋಳದ ಚೀಲಗಳ ಹಿಂದೆ ಮುದುಡಿ ಕೂತಳು.

"ಅಜ್ಜಿ, ಅವ್ರು ಇಲ್ಲಿಗೂ ಬಂದ್ರ?"

"ಈ ಮನಿಯಾಗ ಯಾರೂ ಹುಡುಕೂದಿಲ್ಲ, ಸುಮ್ಮ ಕುಂಡ್ರ." ಅಜ್ಜಿ ನೀರಿನ ತಂಬಿಗೆ ಕೊಟ್ಟಳು. "ಗ್ವಾಡಿ ಮ್ಯಾಲಿನ ಮಾರಿಗೆ ಡಾಂಬರ ಬಳದ್ರಂತ, ಖರೇನ?"

"ಪೂರಾ."

ಮಲಕವ್ವ ತನ್ನ ಕೆನ್ನೆ ಮುಟ್ಟಿಕೊಂಡಳು.

"ಒಬ್ಬರಿಗೂ ನನ್ನ ಗುರ್ತ ಹತ್ತಲಿಲ್ಲ?"

"ಇಲ್ಲಜ್ಜಿ."

"ಮುಂದ ನಿಂತಾವಗೂ?"

"ಮೊದಲ ಬಳದಾಂವನ ಅಂವ."

ಅಜ್ಜಿ ಸೆರಗನ್ನು ಹಣೆಯ ಮೇಲೆ ಎಳೆದುಕೊಂಡಳು.

ಹೊರಗೆ ಚಪ್ಪಲಿಗಳ ಸದ್ದು. ಹತ್ತಿರ ಬಂತು. ಕೆಲವು ಮುಂದೆ ಹೋದವು. ಒಂದು ಜೊತೆ ಮಾತ್ರ ಈ ಹೊಸ್ತಿಲಿನ ಮುಂದೆ ನಿಂತಿತು. ಬಾಗಿಲು ಧಡಧಡ ಅಲುಗಿತು. ಸೋನಾಲಿ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು. ಅದೇ ಒಡಕು ದನಿ. ಬೀರದೇವ.

"ಯವ್ವಾ, ನಾ ಬಂದೀನಿ, ಬಾಗಲಾ ತಗೀಬೇ. ಕೈಗೆಲ್ಲಾ ಡಾಂಬರ ಹತ್ತೈತಿ, ಒಂದೀಟ ಎಣ್ಣಿ ಕೊಡ."