ಹೆಬ್ಬೆರಳಿನ ಎಕ್ಸ್‌ರೇ

ಆಸ್ಪತ್ರೆಯ ಕಂಪ್ಯೂಟರಿನಿಂದ ಎಕ್ಸ್‌ರೇ ಅಳಿಸಿದರೆ ಅದರಲ್ಲಿದ್ದ ಎಲುಬು ಮೈಯಿಂದಲೂ ಮಾಯವಾಗುವುದು ಆ ಊರಿಗೆ ಹೊಸದಲ್ಲ. ಬಟ್ಟೆ ಹೊಲಿಯುವ ನೀಲವ್ವ ಬೆಳಿಗ್ಗೆ ಸೂಜಿ ಹಿಡಿದಾಗ ಹಿಂದೊಮ್ಮೆ ಎಕ್ಸ್‌ರೇ ತೆಗೆಸಿದ್ದ ಹೆಬ್ಬೆರಳು ಬತ್ತಿಯಂತೆ ಬಾಗಿತು. ನೇರ ಎಕ್ಸ್‌ರೇ ಕೋಣೆಗೆ ನುಗ್ಗಿದಳು.

"ಕಂಪ್ಯೂಟರ್‌ನ್ಯಾಗ ಜಾಗ ತುಂಬಿತ್ತು, ಹಳೇವು ಅಳಿಸೀನ್ರಿ. ನಿಮ್ಮದೂ, ಅದರ ನಕಲೂ ಅದ್ರಾಗ ಹೋತು," ಎಂದ ಆಪರೇಟರ್ ಈರಪ್ಪ. "ಅದರ ಜಾಗಕ್ಕ ಹೊಸಾ ಚಿತ್ರ ಬೀಳದಿದ್ರ ಮರಳಿ ತೆಗೀಬಹುದು." ಹಾಗೆಂದವನೇ ಮುಂದಿನ ರೋಗಿಯನ್ನು ಕರೆದ.

ನೀಲವ್ವನ ಮೈ ಉರಿಯಿತು. "ಮತ್ತ ಅವರನ್ಯಾಕ ಕರೀತೀಯೋ?"

"ಹೊರಗ ಪಾಳಿ ನೋಡ್ರಿ ಅಕ್ಕಾರ, ನಿಂತವ್ರು ಬೈತಾರ."

"ಬೈಸ್ಕೋ. ಬೈದ್ರ ನಿನ್ನ ಎಲುಬೇನು ಹೋಗಂಗಿಲ್ಲ."

ಅವಳು ಚಪ್ಪಲಿ ಸಮೇತ ಎಕ್ಸ್‌ರೇ ಮೇಜು ಹತ್ತಿ ಅಡ್ಡಡ್ಡ ಮಲಗಿದಳು. "ನನ್ನ ಬೆರಳು ಬರೋತನಕ ಇಲ್ಲಿ ಯಾರದೂ ತೆಗೆಯಂಗಿಲ್ಲ."

ಹೊರಗೆ ಬೈಗುಳ ಶುರುವಾಯಿತು. ಈರಪ್ಪ ಬಾಗಿಲಿಗೆ ಅಗಳಿ ಹಾಕಿ, ಅಳಿಸಿದ್ದನ್ನು ಹುಡುಕಲು ಕುಳಿತ.