ಅರ್ಧ ತಲೆ ಅತ್ತೆಗೆ

ಸೊಸೆಯ ಬೈತಲೆಯ ಬಲಕ್ಕೆ ಅತ್ತೆಯ ಮರದ ಬಾಚಣಿಗೆ, ಎಡಕ್ಕೆ ಅವಳದೇ ವಿಲಾಯಿತಿ ಬಾಚಣಿಗೆ. ಹುಣ್ಣಿಮೆವರೆಗೆ ಹೀಗೇ ನಡೆಯಲಿ, ಉದುರಿದ ಕೂದಲನ್ನು ಬೇರೆ ಬೇರೆ ಉಂಡೆ ಕಟ್ಟಿಡಿ, ಯಾವ ಕಡೆಯ ಉಂಡೆ ದಪ್ಪವೋ ಆ ಬಾಚಣಿಗೆ ಮನೆಯಿಂದಾಚೆ ಎಂದು ಮರುಳಸಿದ್ದಪ್ಪ ತೀರ್ಪು ಕೊಟ್ಟ. ಶನಿವಾರಸಂತೆಯ ಆಚೆ ಬಿಳಿ ದೊರೆಗಳ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವನು. ಆಳುಗಳ ಜಗಳ ಬಿಡಿಸಿ ಬಿಡಿಸಿ ಅವನಿಗೆ ತೀರ್ಪು ಕೊಡುವುದೊಂದು ಚಟವಾಗಿತ್ತು. ಅವ್ವನಿಗೂ ಹೆಂಡತಿಗೂ ನಡುವೆ ತೀರ್ಪು ಕೊಟ್ಟು ಗೆದ್ದ ಗಂಡಸನ್ನು ಯಾರು ಕಂಡಿದ್ದಾರೆ!

ಎಲ್ಲಾ ಶುರುವಾದದ್ದು ಅವನ ಹೆಂಡತಿ ಸರ್ವಮಂಗಳಳ ಜ್ವರದಿಂದ. ಮಲೆಜ್ವರ ಬಿಟ್ಟು ಎದ್ದ ಮೇಲೆ ಕೂದಲು ಕೈಗೆ ಕೈಗೆ ಬರತೊಡಗಿತು. ಹುಡುಗಿ ಹೆದರಿಹೋದಳು. ಗಂಡ ಮಡಿಕೇರಿಗೆ ಹೋದಾಗ ಜೇನುಬಣ್ಣದ ಸೆಲ್ಯುಲಾಯ್ಡ್ ಬಾಚಣಿಗೆಯೊಂದನ್ನು ತಂದುಕೊಟ್ಟ. ಪ್ಲಾಸ್ಟಿಕ್ ಎಂಬ ಮಾತು ಇನ್ನೂ ಆ ಕಡೆಗೆ ಬಂದಿರಲಿಲ್ಲ.

"ದೊರೆಸಾನಿ ಇಂಥದ್ರಲ್ಲೇ ಬಾಚೋದು ಕಣೇ. ಹಲ್ಲು ನುಣ್ಣಗಿರ್ತದೆ, ಕೂದ್ಲು ಕೀಳಲ್ಲ" ಅಂದ.

ಅವನ ಅವ್ವ ರುದ್ರಮ್ಮನಿಗೆ ಮೈಯೆಲ್ಲ ಉರಿಯಿತು. "ಬೀಟೆ ಮರದ್ದು ಎಣ್ಣೆ ಕುಡೀತದೆ, ತಲೆಗೆ ತಂಪು. ಇದೇನು, ದನದ ಕೊಂಬೋ ಮೂಳೆಯೋ! ಲಿಂಗ ಕಟ್ಟಿದ ಮನೇಲಿ ತಲೆಗಿಡೋ ವಸ್ತುವಾ ಇದು? ಇರೋ ನಾಕು ಕೂದ್ಲನ್ನೂ ಬೋಳಿಸ್ತದೆ ನೋಡ್ತಿರು!"

ರುದ್ರಮ್ಮನ ನಿಜವಾದ ಚಿಂತೆ ಬೇರೆಯೇ ಇತ್ತು. ದೀಪ ಹಚ್ಚುವ ಮುಂಚೆ ಜಗಲಿಯಲ್ಲಿ ಸೊಸೆಯನ್ನು ಮುಂದೆ ಕೂರಿಸಿಕೊಂಡು ಬಾಚುವ ಆ ಹೊತ್ತು ಅವಳಿಗೆ ಬೇಕಿತ್ತು. ಎದುರೆದುರು ಕೂತರೆ ಇಬ್ಬರಿಗೂ ಉಪ್ಪು, ಹುಣಸೆ ಬಿಟ್ಟು ಮಾತಿಲ್ಲ. ಸೊಸೆ ಬೆನ್ನು ತಿರುಗಿಸಿ ಕೂತಳೋ, ತವರಿನ ಸುದ್ದಿ, ಗಂಡನ ಗೊರಕೆ, ಬೆಳಗಿನ ಜಾವದ ಕನಸು, ಒಂದೊಂದೇ ಹೊರಗೆ ಬರುತ್ತಿತ್ತು. ಹೆಣ್ಣುಮಕ್ಕಳನ್ನು ಹೆರದ ರುದ್ರಮ್ಮನಿಗೆ ದಿನದಲ್ಲಿ ಅಷ್ಟು ಹೊತ್ತು ಒಬ್ಬ ಮಗಳಿರುತ್ತಿದ್ದಳು. ತೀರ್ಪಾದದ್ದೇ ತಡ, ಸೊಸೆ ಎಡಗಡೆಯನ್ನು ಕೋಣೆಯಲ್ಲಿ ಕನ್ನಡಿ ಮುಂದೆ ನಿಂತು ತಾನೇ ಬಾಚಿಕೊಳ್ಳುತ್ತಿದ್ದಳು. ಅರ್ಧ ತಲೆ ಆಗಲೇ ಕೈತಪ್ಪಿತ್ತು. ಉಳಿದರ್ಧವೂ ಹೋದರೆ?

ಹುಣ್ಣಿಮೆ ಹತ್ತಿರವಾಗುತ್ತಿದ್ದಾಗ ರುದ್ರಮ್ಮ ಯಾರೂ ಇಲ್ಲದ ಹೊತ್ತು ನೋಡಿ ಉಂಡೆಗಳನ್ನಿಟ್ಟಿದ್ದ ಗೋಡೆಯ ಗೂಡಿಗೆ ಕೈಹಾಕಿದಳು. ಮರದ ಬಾಚಣಿಗೆಯ ಉಂಡೆ ನಿಂಬೆಹಣ್ಣಿನಷ್ಟು, ವಿಲಾಯಿತಿಯದು ನೆಲ್ಲಿಕಾಯಿಯಷ್ಟು! ಅಲ್ಲೇ ನಿಂತು ತನ್ನ ತುರುಬು ಬಿಚ್ಚಿದಳು. ತುರುಬೆಂದರೆ ಮುಕ್ಕಾಲು ಪಾಲು ಚೌರಿಯೇ. ಹರೆಯದಲ್ಲಿ ಉದುರಿದ ತನ್ನದೇ ಕೂದಲನ್ನು ಕೂಡಿಟ್ಟು ಕಟ್ಟಿಸಿದ್ದು. ತಲೆ ಬೆಳ್ಳಗಾದರೂ ಅದು ಕರ್ರಗೇ ಉಳಿದಿತ್ತು. ಅದರಿಂದ ಒಂದು ಹಿಡಿ ಎಳೆ ಕಿತ್ತು ಎಡಗಡೆಯ ಉಂಡೆಗೆ ಸುತ್ತಿದಳು. ಮಾರನೆಯ ದಿನವೂ ಸುತ್ತಿದಳು. ಕಳ್ಳತನಕ್ಕೆ ಒಮ್ಮೆ ಕೈ ಕುದುರಿದರೆ ಮತ್ತೆ ಹೇಳಬೇಕೇ!

ಹುಣ್ಣಿಮೆಯ ಸಂಜೆ ಎರಡೂ ಉಂಡೆ ಜಗಲಿಗೆ ಬಂದವು. ಎಡಗಡೆಯದು ಕಿತ್ತಳೆಯಷ್ಟಿತ್ತು.

"ಅವ್ವನೇ ಗೆದ್ದಂಗಾಯ್ತು ಬಿಡು" ಎಂದು ಮರುಳಸಿದ್ದಪ್ಪ ಕೈಕೊಡವಿ ಎದ್ದುಹೋದ.

ಸರ್ವಮಂಗಳ ಉಂಡೆಯನ್ನು ಅಂಗೈಯಲ್ಲಿ ಹೊರಳಿಸುತ್ತಾ ಕೂತಿದ್ದಳು. "ಅತ್ತೆ, ನೀವು ಮರದ ಬಾಚಣಿಗೆ ಬಿಟ್ಟು ಬೇರೆ ಮುಟ್ಟಿದೋರೇ ಅಲ್ಲ, ಅಲ್ವಾ?"

"ಹುಟ್ಟಿದಾಗಿಂದ ಇದೇ ಕಣವ್ವ!"

"ಮತ್ತೆ ಮೊನ್ನೆವರ್ಗೂ ತೆಂಗಿನಕಾಯಿಯಷ್ಟಿದ್ದ ನಿಮ್ಮ ತುರುಬು ಈಗ ಯಾಕೆ ಅಡಿಕೆಯಷ್ಟಾಗೈತೆ?"

ರುದ್ರಮ್ಮನ ಕೈ ತಾನಾಗಿ ಹಿಂದಲೆಗೆ ಹೋಯಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸರ್ವಮಂಗಳ ಉಂಡೆಯಿಂದ ಒಂದು ಎಳೆ ಹಿರಿದು ಬೆಳಕಿಗೆ ಹಿಡಿದಳು.

"ನನ್ನ ಕೂದ್ಲು ಜ್ವರ ಬಂದು ಜೇಡರಬಲೆ ಹಂಗಾಗೈತೆ. ಇದು ನೋಡಿ, ಹಗ್ಗ ಇದ್ದಂಗೈತೆ."

"ತಪ್ಪಾಯ್ತು ಕಣವ್ವ. ಅರ್ಧ ತಲೆಯಾದ್ರೂ ನಂಗಿರ್ಲಿ ಅಂತ..." ರುದ್ರಮ್ಮ ತಲೆ ಮೇಲೆ ಸೆರಗೆಳೆದುಕೊಂಡಳು.

ಸರ್ವಮಂಗಳ ಆ ಎಳೆಯನ್ನು ಮತ್ತೆ ಉಂಡೆಗೆ ಸುತ್ತಿದಳು. "ಬಲಗಡೆ ಯಾಕೆ ಜಾಸ್ತಿ ಉದುರ್ತಿತ್ತು ಗೊತ್ತಾ ಅತ್ತೆ? ಮಾತು ಮುಗಿಯೋವರ್ಗೂ ನೀವು ಬಾಚ್ತಾನೇ ಇರ್ತಿದ್ರಿ" ಎಂದು ಉಂಡೆಯನ್ನು ಅತ್ತೆಯ ಮಡಿಲಿಗೆ ಹಾಕಿ, "ವಾಪಸ್ ಕಟ್ಕೊಳ್ಳಿ" ಅಂದವಳೇ ಒಳಗೆ ಹೋದಳು. ಎಲ್ಲಾ ಮುಗಿಯಿತೆಂದು ರುದ್ರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಸೊಸೆ ಹೊರಗೆ ಬಂದಾಗ ಕೈಯಲ್ಲಿ ಆ ಜೇನುಬಣ್ಣದ ಬಾಚಣಿಗೆ ಇತ್ತು. ಅದನ್ನು ಅತ್ತೆಯ ಕೈಗಿಟ್ಟು, ಬೆನ್ನು ತಿರುಗಿಸಿ, ಕೂದಲು ಹರವಿಕೊಂಡು ಕೂತಳು.

"ಇನ್ಮೇಲೆ ಎರಡೂ ಕಡೆ ನೀವೇ ಬಾಚಿ. ಬಾಚಣಿಗೆ ಮಾತ್ರ ನಂದು."

ರುದ್ರಮ್ಮ ಅದನ್ನು ಮುಟ್ಟಿದ್ದು ಅದೇ ಮೊದಲು. ಅತ್ತ ತಿರುಗಿಸಿದಳು, ಇತ್ತ ತಿರುಗಿಸಿದಳು. ಅಂಗೈಯಲ್ಲಿ ತಿಕ್ಕಿ, ಅಳುಕುತ್ತಲೇ ಮೂಗಿನ ಹತ್ತಿರ ಹಿಡಿದಳು.

"ಶಿವ ಶಿವಾ! ಇದು ಕರ್ಪೂರದ ವಾಸ್ನೆ ಬತ್ತದಲ್ಲೇ! ದೇವ್ರಿಗೆ ಹಚ್ಚೋ ಕರ್ಪೂರ ಹಾಕಿ ಮಾಡಿದ್ದು ಅಂತ ಮೊದ್ಲೇ ಹೇಳಬಾರ್ದಿತ್ತಾ?" ಎನ್ನುತ್ತಾ ಎಡಗಡೆಯಿಂದ ಶುರುಮಾಡಿದಳು.